ಗಿಡ ನಮ್ಮದು, ಹೂ ರಸ್ತೆಯದು

ನಮ್ಮ ಮನೆಯ ಕಾಗದದ ಹೂವಿನ ಗಿಡವನ್ನು ಹೊಗಳದೆ ಹೋಗುವವರು ಕಡಿಮೆ. ಕೊರಿಯರ್ ಹುಡುಗ ಹೊಗಳುತ್ತಾನೆ. ಸಿಲಿಂಡರ್ ಇಳಿಸುವವರು ಹೊಗಳುತ್ತಾರೆ. ಮನೆ ಹುಡುಕಿಕೊಂಡು ಬಂದ ನೆಂಟರು ಗೇಟಿನಲ್ಲೇ ನಿಂತು, "ಏನ್ ಹೂ ಬಿಟ್ಟಾವ್ರೀ ಇವು, ಎಲಿನ ಕಾಣವಲ್ವು" ಅಂತಾರೆ. ನಾನೂ ಹೌದ್ರೀ ಅಂತ ನಗುತ್ತೇನೆ. ಆದರೆ ಅವರು ಹೊಗಳುವ ಹೂ ನಾನು ನಿಲ್ಲುವ ಕಡೆಯಿಂದ ಕಾಣುವುದೇ ಇಲ್ಲ. ಅಂಗಳದಿಂದ ನೋಡಿದರೆ ಮುಂಗೈ ದಪ್ಪದ ಒಂದು ಕಾಂಡ, ಅದರ ಮೇಲೆ ಒಂದಕ್ಕೊಂದು ಸಿಕ್ಕಿಕೊಂಡ ಬೂದು ಕೊಂಬೆಗಳು, ಮುಳ್ಳು, ಒಳಗೆ ಉದುರಿ ಸಿಕ್ಕಿಬಿದ್ದ ಒಣ ಎಲೆ, ಹೋದ ವರ್ಷದ್ದೋ ಅದರ ಹಿಂದಿನದ್ದೋ ಒಂದು ಹರಿದ ಗಾಳಿಪಟ, ಇಷ್ಟೇ. ಹೂವೆಲ್ಲ ಕಂಪೌಂಡ್ ದಾಟಿ ಆ ಕಡೆ ಜೋತುಬಿದ್ದಿರುತ್ತದೆ. ನೀರು ಹಾಕೋದು ಈ ಕಡೆ, ನೋಡೋದು ಆ ಕಡೆ.

ಇದಕ್ಕೆ ಕಾರಣ ತಿಳಿಯದ್ದೇನಲ್ಲ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮುಂದಿನ ರಸ್ತೆ ಇರೋದು ದಕ್ಷಿಣಕ್ಕೆ. ದೀಪಾವಳಿ ಮುಗಿದ ಮೇಲೆ ಬಿಸಿಲು ದಕ್ಷಿಣದಿಂದಲೇ ವಾರೆಯಾಗಿ ಬೀಳುತ್ತದೆ. ಈ ಗಿಡಕ್ಕೂ ಅದೇ ಹೊತ್ತಿಗೆ, ರಾತ್ರಿ ಉದ್ದ ಆಗಿ ಹಗಲು ಕಡಿಮೆ ಆದಾಗ, ಹೂ ಬಿಡುವ ಹುರುಪು. ಅದು ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ ಮಾತ್ರ. ಹಳೆಯ ಕೊಂಬೆಗೆ ಹೊರುವ ಕೆಲಸ ಅಷ್ಟೆ. ಚಿಗುರು ಬೆಳಕಿನ ಕಡೆ ಹೋಗುತ್ತದೆ, ಹೂ ಚಿಗುರಿನ ಹಿಂದೆ ಹೋಗುತ್ತದೆ, ನಾನು ಪೈಪು ಹಿಡಿದುಕೊಂಡು ಇಲ್ಲೇ ಉಳಿಯುತ್ತೇನೆ. ಕಾರಣ ಗೊತ್ತಿದ್ದರೂ ಒಂದು ಸಣ್ಣ ಕಿರಿಕಿರಿ ಹೋಗುವುದಿಲ್ಲ. ಮುಳ್ಳು ಚುಚ್ಚಿಸಿಕೊಳ್ಳುವವಳು ನಾನು, ಫೋಟೋ ತೆಗೆಸಿಕೊಳ್ಳುವವರು ಯಾರೋ. ಮೊನ್ನೆ ಕಾಲೇಜು ಹುಡುಗಿಯರು ನಾಲ್ಕೈದು ಜನ ಬಂದು ಕೊಂಬೆಯನ್ನು ತಲೆಯ ಮೇಲೆ ಎಳೆದುಕೊಂಡು ಮೊಬೈಲ್ ಮುಂದೆ ನಿಂತಿದ್ದರು. ಒಳಗೆ ನನಗೆ ಕಾಂಡ ಅಲ್ಲಾಡೋದು ಕಾಣುತ್ತಿತ್ತು, ನಗು ಕೇಳುತ್ತಿತ್ತು.

ಎದುರು ಮನೆಯ ಮಾಳಿಗೆಯಿಂದ

ನಮ್ಮ ಗಿಡವನ್ನು ನಾನು ಸರಿಯಾಗಿ ನೋಡಿದ್ದು ಎದುರು ಮನೆಯ ವೈನಿಯವರ ಮಾಳಿಗೆಯಿಂದ. ಬೇಸಿಗೆ ಬಂತೆಂದರೆ ನಮ್ಮ ಓಣಿಯಲ್ಲಿ ಹಪ್ಪಳ, ಸಂಡಿಗೆ, ಶಾವಿಗೆ ಅಂತ ಒಬ್ಬರ ಮನೆಗೆ ಇನ್ನೊಬ್ಬರು ಕೈ ಹಚ್ಚಲು ಹೋಗುವ ರೂಢಿ ಇನ್ನೂ ಉಳಿದಿದೆ. ಅವತ್ತು ಸಾಬುದಾಣಿ ಸಂಡಿಗೆ. ಹೊತ್ತು ಏರುವ ಮೊದಲೇ ಹಾಕಿ ಮುಗಿಸಬೇಕು, ಎಂಟು ಗಂಟೆ ಆಯಿತೆಂದರೆ ಮಾಳಿಗೆಯ ಮೇಲೆ ಕಾಲಿಡಲು ಆಗದು. ಹಳೇ ಧೋತರ ಹಾಸಿ, ಚಮಚೆಯಿಂದ ಒಂದೊಂದೇ ಸುರಿಯುತ್ತ ಹಿಂದೆ ಹಿಂದೆ ಸರಿದು ಬಂದು, ಸೊಂಟ ನೇರ ಮಾಡಲು ಎದ್ದು ನಿಂತೆ. ಎದುರಿಗೆ ನಮ್ಮ ಮನೆ. ಮನೆಗಿಂತ ಮೊದಲು ಗಿಡ. ಕಂಪೌಂಡಿನ ಒಂದು ಮೂಲೆಯಿಂದ ಗೇಟಿನ ತನಕ ರಾಣಿ ಬಣ್ಣ. ಇಳಕಲ್ ಸೀರೆಯಂಗಡಿಯಲ್ಲಿ ಕೂತು ಈ ಬಣ್ಣ ಬೇಡ, ಕಣ್ಣಿಗೆ ಹೊಡೀತದೆ ಅಂತ ತೆಗೆದಿಡಿಸುವ ಬಣ್ಣವೇ ಅದು. ಬಿಸಿಲಲ್ಲಿ, ಧೂಳು ಹಿಡಿದ ಗೋಡೆಯ ಮೇಲೆ, ಬೇರೆ ಯಾವ ಬಣ್ಣವೂ ಅಲ್ಲಿ ನಿಲ್ಲುತ್ತಿರಲಿಲ್ಲ ಅನ್ನಿಸಿತು. ನಾನು ನಿಂತೇ ಇದ್ದೆ. ವೈನಿ ಕೆಳಗಿನಿಂದಲೇ, "ಅಲ್ಲೇನ್ ನೋಡ್ತೀರಿ, ಇಲ್ಲೆ ನೋಡ್ರಿ" ಅಂದರು. ಹಸಿ ಸಂಡಿಗೆಯ ಮೇಲೆ ಒಂದು ರಾಣಿ ಬಣ್ಣದ ಎಸಳು ಅಂಟಿ ಕೂತಿತ್ತು. "ದಿನಾ ಇದ ಆತು. ನಿಮ್ಮ ಗಿಡದ್ದು ಒಂದು ಪಾಲು ನಮ್ಮ ಸಂಡಿಗ್ಯಾಗ."

ಅದನ್ನು ಉಗುರಿನಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ನಾವು ಹೂ ಅಂತ ಕರೆಯೋದು ನಿಜಕ್ಕೂ ಬಣ್ಣ ತಳೆದ ಮೂರು ಎಲೆ. ಹಿಡಿದು ನೋಡಿದರೆ ಎಲೆಯ ಹಾಗೆಯೇ ನಡುವೆ ಒಂದು ನರ, ಅದರಿಂದ ಕವಲೊಡೆದ ಸಣ್ಣ ಸಣ್ಣ ನರಗಳು. ಒಂದೊಂದು ಎಲೆಯ ಒಳಮೈಯ ನಡುನರಕ್ಕೂ ಅಂಟಿ ಸೆಟೆದು ನಿಂತ ಒಂದೊಂದು ಸಣ್ಣ ಕೊಳವೆ. ಅದರ ಬಾಯಲ್ಲಿ ಚಿಕ್ಕ ಚಿಕ್ಕ ಬಿಳಿ ನಕ್ಷತ್ರ. ಅದೇ ಹೂ. ಅಕ್ಕಿ ಕಾಳಿಗಿಂತ ದೊಡ್ಡದಿರದ ಆ ಬಾಯಿಗೆ ಚಿಟ್ಟೆ ಬರಲಿ ಅಂತ ಮೂರು ಎಲೆಗಳು ಬಣ್ಣ ಹಚ್ಚಿಕೊಂಡು ನಿಲ್ಲುತ್ತವೆ. ಆ ಬಣ್ಣವೂ ಗುಲಾಬಿ, ದಾಸವಾಳದಲ್ಲಿರುವ ಜಾತಿಯದಲ್ಲ. ಬೀಟ್‌ರೂಟಿನಲ್ಲಿ ಇರುವಂಥ ಬೀಟಾಲೈನ್. ಇದು ಸಂಜೆಮಲ್ಲಿಗೆಯ ಕುಟುಂಬದ ಗಿಡ, ಅಲ್ಲೂ ಅದೇ ಬಣ್ಣ. ಉದುರಿದ ಮೇಲೂ ಈ ಎಸಳು ಬಾಡಿ ಮುದ್ದೆ ಆಗುವುದಿಲ್ಲ. ನಿಧಾನಕ್ಕೆ ಬಣ್ಣ ಬಿಟ್ಟು, ನರ ಮಾತ್ರ ಉಳಿಸಿಕೊಂಡು, ಹಳೇ ಲಗ್ನಪತ್ರಿಕೆಯ ಒಳಗಿನ ತೆಳು ಕಾಗದದ ಹಾಗೆ ಆಗುತ್ತದೆ. ಆಮೇಲೆ ಅದಕ್ಕೆ ಗಾಳಿ ಸಿಕ್ಕರೆ ಸಾಕು. ನಮ್ಮ ಓಣಿಯ ಯಾರ ಮನೆಯ ಮೋರಿಯಲ್ಲೂ, ಯಾರ ಬಟ್ಟೆ ಬುಟ್ಟಿಯಲ್ಲೂ ನಮ್ಮ ಗಿಡ ಸಿಗುತ್ತದೆ.

ವೈನಿಯವರು ಬೈದರೂ ಟೊಂಗೆ ಕೇಳದೆ ಬಿಡಲಿಲ್ಲ. ಮೃಗಶಿರಾ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ನಾಲ್ಕು ಗಿಣ್ಣು ಇರುವ ಕಡ್ಡಿಗಳನ್ನು ಕೊಟ್ಟೆ. ಮರಳು ಬೆರೆಸಿದ ಮಣ್ಣಿನ ಚೀಲದಲ್ಲಿ ಇಟ್ಟರು, ಒಂದೆರಡು ಬದುಕಿದವು. ಅದನ್ನು ತಂದು ತಮ್ಮ ಗೇಟಿನ ಪಕ್ಕ, ನಮಗೆ ಸರಿಯಾಗಿ ಎದುರಿಗೆ ಹಚ್ಚಿದರು. ಬೆಳೆಯಿತು, ಎತ್ತರ ಹೋಯಿತು, ಎಲೆಯೋ ಎಲೆ. ಹೂ ಮಾತ್ರ ಇಲ್ಲ. "ನೀವು ಯಾವುದೋ ಬ್ಯಾರೆ ಜಾತಿ ಕೊಟ್ಟೀರಿ" ಅಂತ ನನ್ನ ಮೇಲೇ ಬಂತು. ಜಾತಿ ಒಂದೇ. ರಸ್ತೆಯೂ ಒಂದೇ. ಆದರೆ ಅವರ ಗೇಟು ಇರೋದು ಮನೆಯ ಉತ್ತರಕ್ಕೆ. ಚಳಿಗಾಲ ಪೂರ್ತಿ ಅವರ ಎರಡು ಅಂತಸ್ತಿನ ಮನೆಯ ನೆರಳು ಆ ಗಿಡದ ಮೇಲೆ ಬಿದ್ದಿರುತ್ತದೆ. ಇದಕ್ಕೆ ದಿನಕ್ಕೆ ಐದಾರು ತಾಸಾದರೂ ನೇರ ಬಿಸಿಲು ಬೇಕು, ಅದಕ್ಕಿಂತ ಕಡಿಮೆ ಆದರೆ ಬೆಳೆಯುತ್ತದೆ, ಹೂ ಬಿಡುವುದಿಲ್ಲ. ಉಳಿದ ಇನ್ನೊಂದು ಸಸಿಯನ್ನು ಮಾಳಿಗೆಯ ಮೇಲೆ ಹಳೇ ನೀರಿನ ಡ್ರಮ್ಮಿನಲ್ಲಿ ಹಾಕಿಸಿದೆ, ತಳಕ್ಕೆ ನಾಲ್ಕು ತೂತು ಕೊರೆಸಿ. ಈಗ ಅದು ಬಿಡುತ್ತಿದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ವೈನಿಯವರಿಗೆ ಕಾಣಬೇಕೆಂದರೆ ಮೆಟ್ಟಿಲು ಹತ್ತಬೇಕು, ಅವರಿಗೆ ಮೊಣಕಾಲು ನೋವು.

ನೀರು, ಮಣ್ಣು, ಮತ್ತು ಸುಮ್ಮನಿರೋದು

ಈ ಗಿಡದ ಆರೈಕೆ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಸಪ್ಪೆ. ಏನೂ ಮಾಡೂದಿಲ್ರೀ ಅಂತೀನಿ. ಗುಟ್ಟು ಮುಚ್ಚಿಡ್ತಾಳೆ ಅಂದುಕೊಳ್ಳುತ್ತಾರೆ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಇದನ್ನೇ ಸಾಲಾಗಿ ಹಚ್ಚಿರೋದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಲಾರಿಯ ಹೊಗೆ, ಡಾಂಬರಿನ ಝಳ, ಯಾವಾಗಲೋ ಒಮ್ಮೆ ಟ್ಯಾಂಕರ್ ನೀರು. ಅಲ್ಲಿ ಬಿಡುವಷ್ಟು ಹೂ ಮುದ್ದು ಮಾಡಿ ಬೆಳೆಸಿದ ಕುಂಡದಲ್ಲಿ ಬಿಡುವುದಿಲ್ಲ. ಬೇರಿನ ಸುತ್ತ ಮಣ್ಣು ಒಣಗಿದಾಗ ಅದು ಬೆಳೆಯೋದನ್ನು ನಿಲ್ಲಿಸಿ ಹೂವಿನ ಕಡೆ ತಿರುಗುತ್ತದೆ. ದಿನಾ ನೀರು ಕೊಟ್ಟರೆ ಅದಕ್ಕೆ ಎಲೆ, ಉದ್ದ ಕೋಲು ಇಷ್ಟರಲ್ಲೇ ತೃಪ್ತಿ. ವರ್ಷಕ್ಕೆ 600 ಮಿಲಿಮೀಟರ್ ಕೂಡ ಸರಾಸರಿ ಮಳೆ ಇಲ್ಲದ ಬಾಗಲಕೋಟೆಗೆ ಇದು ಒಗ್ಗಿದ್ದು ಇದೇ ಕಾರಣಕ್ಕೆ. ನಾನು ಹಾಕೋದು ನಳ ಬಂದ ದಿನ, ಅದೂ ಚಿಗುರಿನ ತುದಿ ಸ್ವಲ್ಪ ಜೋಲುಮೋರೆ ಹಾಕಿದ್ದರೆ ಮಾತ್ರ. ಹಾಕಿದ ದಿನ ಮಾತ್ರ ಬೇರಿನ ತಳಕ್ಕೆ ಇಳಿಯುವಷ್ಟು ಹಾಕುತ್ತೇನೆ. ಮೇಲೆ ಮೇಲೆ ಚಿಮುಕಿಸೋದು ಇದಕ್ಕೂ ನಷ್ಟ, ನೀರಿಗೂ ನಷ್ಟ.

ಗೊಬ್ಬರದ ವಿಷಯಕ್ಕೆ ನಮ್ಮ ಮನೆಯಲ್ಲಿ ವಾದ ಉಂಟು. ನಮ್ಮ ಮನೆಯವರಿಗೆ ಹೊಲದ ಅಭ್ಯಾಸ, ಗಿಡ ಅಂದರೆ ಒಂದು ಮುಷ್ಟಿ ಯೂರಿಯಾ ಅನ್ನುತ್ತಾರೆ. ಸಾರಜನಕ ಜಾಸ್ತಿ ಆದರೆ ಹಸಿರು ಉಕ್ಕುತ್ತದೆ, ಹೂ ಹಿಂದೆ ಸರಿಯುತ್ತದೆ. ಮಳೆಗಾಲದ ಮೊದಲಿಗೆ ಒಂದು ಬುಟ್ಟಿ ಹಳೇ ತಿಪ್ಪೆಗೊಬ್ಬರ ಸಾಕು ಅನ್ನೋದು ನನ್ನ ಪಕ್ಷ. ಒಲೆಯ ಬೂದಿ ಹಾಕಿ ಅಂತ ಊರಿಂದ ಬಂದವರು ಹೇಳುತ್ತಾರೆ. ಬೇರೆ ಕಡೆ ಸರಿ, ನಮ್ಮಲ್ಲಿ ಬೇಡ. ಕುಣಿ ತೋಡಿದರೆ ಒಂದೂವರೆ ಅಡಿಗೇ ಗರಸು ಸಿಗುವ, ಸುಣ್ಣದ ಅಂಶ ಮೊದಲೇ ಜಾಸ್ತಿ ಇರುವ ನೆಲ ಇದು. ಸುಣ್ಣದ ಕಲ್ಲು ಇದೆ ಅಂತಲೇ ಈ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರೋದು. ಅದರ ಮೇಲೆ ಬೂದಿಯೂ ಬಿದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿ ಆಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಆಗ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ವಾರ ಹತ್ತು ದಿನದಲ್ಲಿ ಹಸಿರು ತಿರುಗುತ್ತದೆ. ಮಣ್ಣಿಗೆ ಸುರಿದರೆ ಆ ಸುಣ್ಣವೇ ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ರೋಗರುಜಿನದ ಮಾತು ಹೆಚ್ಚಿಲ್ಲ. ಹಿಟ್ಟು ತಿಗಣೆ ಬಂದರೆ ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದು, ಬೇವಿನೆಣ್ಣೆಗೆ ಸಾಬೂನು ನೀರು ಬೆರೆಸಿ ಹೊಡೆದರೆ ಆಯಿತು. ಇರುವೆಯನ್ನು ತಡೆದರೆ ತಿಗಣೆ ಅರ್ಧ ತಡೆದ ಹಾಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಇದನ್ನೂ ಬಿಡುವುದಿಲ್ಲ. ರಸ್ತೆಯ ಕಡೆ ಆಡಿನ ಬಾಯಿಗೆ ಎಟುಕುವಷ್ಟು ಎತ್ತರದವರೆಗೆ ಕತ್ತರಿ ಹಾಕಿದಷ್ಟು ನೇರ ಇರುತ್ತದೆ ನಮ್ಮ ಗಿಡ. ಹೆಚ್ಚು ಜೋಪಾನ ಬೇಕಿರೋದು ಹಚ್ಚುವ ದಿನ ಮಾತ್ರ. ಇದರ ಬೇರು ಕೂದಲೆಳೆ, ಮುಟ್ಟಿದರೆ ಮುರಿಯುತ್ತದೆ. ನರ್ಸರಿಯ ಚೀಲವನ್ನು ಕೊಡವಿ ತೆಗೆಯಬಾರದು, ಪಕ್ಕದಿಂದ ಸೀಳಿ ಮಣ್ಣಿನ ಮುದ್ದೆ ಅಲುಗದ ಹಾಗೆ ಕುಣಿಗೆ ಇಳಿಸಬೇಕು. ಒಮ್ಮೆ ಕೂತ ಮೇಲೆ ಜಾಗ ಬದಲಿಸುವ ವಿಚಾರ ಮಾಡಲೇಬಾರದು.

ಇನ್ನು ಹಬ್ಬುವ ವಿಷಯ. ಇದಕ್ಕೆ ಹಾಗಲಬಳ್ಳಿಯ ಕುಡಿ ಇಲ್ಲ, ಅವರೆಬಳ್ಳಿಯ ಹಾಗೆ ಸುತ್ತಿಕೊಳ್ಳುವ ಗುಣವೂ ಇಲ್ಲ. ಎಲೆಯ ಕಂಕುಳಲ್ಲಿ ಬರುವ ಬಾಗಿದ ಮುಳ್ಳನ್ನೇ ಕೊಕ್ಕೆ ಮಾಡಿ, ಸಿಕ್ಕಿದ್ದಕ್ಕೆ ಒರಗಿಕೊಂಡು ಮೇಲೆ ಹೋಗಿ, ಭಾರಕ್ಕೆ ಜೋತುಬೀಳುತ್ತದೆ. ಗೋಡೆಗೆ ಹಬ್ಬಿಸಬೇಕೆಂದರೆ ಕಟ್ಟಿಕೊಡಬೇಕು. ತಂತಿ ಬೇಡ, ಕೊಂಬೆ ದಪ್ಪ ಆದಾಗ ಕೊಯ್ಯುತ್ತದೆ. ಅತ್ತೆಯ ಹಳೇ ನೂಲಿನ ಸೀರೆಯ ಅಂಚು ಹರಿದು ಸಡಿಲವಾಗಿ ಕಟ್ಟಿದ್ದೇನೆ, ಇಷ್ಟು ವರ್ಷ ಅದೇ ಹಿಡಿದು ನಿಂತಿದೆ.

ಅತ್ತೆಯ ಕುರ್ಚಿ

ಅತ್ತೆಗೆ ಈ ಗಿಡ ಮೊದಲಿನಿಂದಲೂ ಇಷ್ಟವಿಲ್ಲ. "ದೇವರಿಗೆ ಏರಸಾಕ ಬರೂದಿಲ್ಲ, ಮುಡ್ಯಾಕ ಬರೂದಿಲ್ಲ, ವಾಸನಿ ಇಲ್ಲ. ಇದನ್ನ ಯಾಕ ಹಚ್ಚಿ?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಹೂವಿಗೆ ಒಂದು ಕೆಲಸ ಇರಬೇಕು. ಮಲ್ಲಿಗೆ ತುರುಬಿಗೆ, ದಾಸವಾಳ ಗಣಪ್ಪಗೆ, ಸೇವಂತಿಗೆ ದಸರೆಗೆ, ಚೆಂಡುಹೂ ದೀಪಾವಳಿಗೆ. ಸುಮ್ನೆ ನೋಡೋಕೆ ಅಂತ ಒಂದು ಹೂ ಬೆಳೆಸೋದು ಹಳೇ ಊರಿನವರಿಗೆ ದುಂದು ಅನ್ನಿಸಿದರೆ ತಪ್ಪೇನಿಲ್ಲ. ಅಲ್ಲಿ ಅಂಗಳ ಅನ್ನೋದೇ ಇರಲಿಲ್ಲ. ಮಣ್ಣಿನ ಮಾಳಿಗೆ ಮನೆಗಳು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು. ತುಳಸಿ ಒಂದು ಹಿತ್ತಲಲ್ಲಿ. ಬಾಗಿಲ ಮುಂದೆ ಕಟ್ಟೆ, ಕಟ್ಟೆಯ ಮುಂದೆ ಓಣಿ. ಕಂಪೌಂಡ್ ಅನ್ನೋದನ್ನು ಅತ್ತೆ ಮೊದಲ ಸಲ ಕಂಡದ್ದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಲೆಕ್ಕಕ್ಕೆ ಹಳೇ ಊರಿನ ಮನೆ ಹೋಗಿ, ನವನಗರದಲ್ಲಿ ಸೈಟು ಸಿಕ್ಕಿ ಮನೆ ಎದ್ದ ಮೇಲೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಅನ್ನೋದು ನಮ್ಮ ಊರಲ್ಲಿ ಶಾಲೆಗೆ ಹೋಗದವರಿಗೂ ಬಾಯಿಪಾಠ. ಅದನ್ನು 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಮತ್ತೆ ಯಾವ ಓಣಿ, ಯಾರ ಮನೆ ಅಂತ ಲೆಕ್ಕ ಶುರುವಾಗುತ್ತದೆ.

ನವನಗರದ ರಸ್ತೆ ಅಗಲ, ಸೆಕ್ಟರ್ ನಂಬರು ಚೊಕ್ಕ, ಮನೆಗೆ ಗಾಳಿ ಬೆಳಕು ಜಾಸ್ತಿ. ಎಲ್ಲ ಸರಿ. ಆದರೆ ಅತ್ತೆಯ ದೂರು ಒಂದೇ ಇತ್ತು. "ಇಲ್ಲೆ ಮಂದಿ ಕಾಣೂದಿಲ್ಲ." ಐದಡಿ ಗೋಡೆಯ ಒಳಗೆ ಕುರ್ಚಿ ಹಾಕಿಕೊಂಡು ಕೂತರೆ ಆಕಾಶ ಕಾಣುತ್ತದೆ, ಗೇಟಿನ ಸಂದಿಯಲ್ಲಿ ಸ್ಕೂಟರಿನ ಗಾಲಿ ಕಾಣುತ್ತದೆ. ಕಟ್ಟೆಯ ಮೇಲೆ ಕೂತು ಊರ ಮದುವೆ, ಮುಂಜಿ, ಜಗಳ ಎಲ್ಲ ನೋಡಿದವರಿಗೆ ಅಷ್ಟು ಸಾಕಾಗುತ್ತದೆಯೇ?

ಗಿಡ ಗೋಡೆ ಹತ್ತಿ ಆ ಕಡೆ ಇಳಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ನೆರಳಿದೆ ಅಂತ ಜನ ಅಲ್ಲಿ ನಿಲ್ಲತೊಡಗಿದರು. ಆಟೋ ಕಾಯುವವರು, ಮೊಬೈಲಲ್ಲಿ ಮಾತಾಡುವವರು, ಬಿಸಿಲಿಗೆ ಸೈಕಲ್ ನಿಲ್ಲಿಸಿದ ಹುಡುಗರು. ಅವರ ಮಾತು ಒಳಗೆ ಅತ್ತೆಗೆ ಕೇಳುತ್ತಿತ್ತು. ಒಂದು ದಿನ ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಇಬ್ಬರು ಹೆಂಗಸರು ನಿಂತು, ಮುಧೋಳದ ಬಸ್ಸು ಎಷ್ಟು ಹೊತ್ತಿಗೆ, ಇವತ್ತು ಅಮಾಸಿ ಐತೋ ನಾಳೆಯೋ ಅಂತ ವಾದ ನಡೆಸಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು. "ಅಮಾಸಿ ನಾಳೆ ಐತವ್ವಾ, ಇವತ್ತ ಚೌದಸಿ." ಹೊರಗೆ ಒಂದು ಕ್ಷಣ ಮಾತು ನಿಂತಿತು. ಗಿಡವೇ ಮಾತಾಡಿತು ಅಂದುಕೊಂಡರೋ ಏನೋ. ಆಮೇಲೆ, "ಯಾರ್ರೀ ಅದು, ಎಲ್ಲದೀರಿ?" ಅಂದರು. "ಇಲ್ಲೇ ಒಳಗ ಅದೀನಿ. ನೀವು ಯಾವೂರವ್ರು?" ಅಲ್ಲಿಂದ ಊರು, ಅಡ್ಡಹೆಸರು, ಯಾರ ಪೈಕಿ ಅಂತ ಶುರುವಾಗಿ, ಕೊನೆಗೆ ಆ ಇಬ್ಬರಲ್ಲಿ ಒಬ್ಬಾಕೆ ಅತ್ತೆಯ ತವರಿನ ಓಣಿಯವಳೇ ಅಂತ ಹೊರಬಿತ್ತು. ಚಾ ಸೋಸಿ ಒಯ್ಯುವುದರೊಳಗೆ ಇಬ್ಬರೂ ಅಂಗಳದಲ್ಲಿದ್ದರು. ಮುಧೋಳದ ಬಸ್ಸು ಹೋಗಿತ್ತು.

ಈಗ ಇದು ಅತ್ತೆಯ ದಿನಚರಿ. ಕುರ್ಚಿಯನ್ನು ಬೇವಿನ ಕೆಳಗಿಂದ ಎತ್ತಿಸಿ ಗೋಡೆಯ ಹತ್ತಿರ ಹಾಕಿಸಿಕೊಂಡಿದ್ದಾರೆ. ಮುಖ ಕಾಣದವರ ಜೊತೆ ಮಾತಾಡುತ್ತಾರೆ. ಹೋಳಿ ಹುಣ್ಣಿಮೆ ಹತ್ತಿರ ಬಂದು ಹಲಗೆ ಬಾರಿಸುವ ಹುಡುಗರು ಸುಸ್ತಾಗಿ ಅಲ್ಲಿ ಕೂತರೆ, ನಮ್ಮ ಕಾಲದಲ್ಲಿ ಬಣ್ಣದ ಬಂಡಿ ಹೀಗಿತ್ತು ಅಂತ ಒಳಗಿನಿಂದ ಹೇಳುತ್ತಾರೆ. ಗಿಡ ಇಷ್ಟ ಆಯಿತಾ ಅಂತ ಕೇಳಿದರೆ ಮಾತ್ರ, "ವಾಸನಿ ಇಲ್ಲದ್ದು ಹೂ ಏನ" ಅನ್ನೋದು ಬಿಟ್ಟಿಲ್ಲ.

ಒಂದು ಸಣ್ಣ ಉಪಕಥೆ

ಈ ಗಿಡ ನಮ್ಮ ದೇಶದ್ದಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿದೆ. ದಕ್ಷಿಣ ಅಮೆರಿಕದ್ದು. 1766ರಿಂದ 1769ರವರೆಗೆ ಜಗತ್ತು ಸುತ್ತಿದ ಫ್ರೆಂಚ್ ನೌಕಾಯಾನದ ನಾಯಕ ಲೂಯಿ ಆಂಟ್ವಾನ್ ದ ಬೂಗನ್‌ವಿಲ್. ಬೋಗನ್‌ವಿಲ್ಲಾ ಅಂತ ಹೆಸರು ಬಂದದ್ದು ಅವನಿಂದ. 1767ರಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋದಲ್ಲಿ ಇದನ್ನು ಸಂಗ್ರಹಿಸಿದವನು ಅದೇ ಯಾನದ ಸಸ್ಯಶಾಸ್ತ್ರಜ್ಞ ಫಿಲಿಬರ್ ಕಾಮರ್ಸನ್ ಅಂತ ಬರೆದಿರುತ್ತಾರೆ. ಅವನ ಜೊತೆ ಸಹಾಯಕನೊಬ್ಬನಿದ್ದ. ಗಂಡಸಿನ ಬಟ್ಟೆ ಹಾಕಿಕೊಂಡ ಆ ಸಹಾಯಕ ನಿಜಕ್ಕೂ ಜಾನ್ ಬಾರೆ ಎಂಬ ಹೆಂಗಸು. ಫ್ರೆಂಚ್ ನೌಕಾದಳದ ಹಡಗಿನಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ, ಅದಕ್ಕೇ ಆ ವೇಷ. ಕಾಮರ್ಸನ್‌ಗೆ ಕಾಲಿನ ಹುಣ್ಣು, ಗುಡ್ಡ ಹತ್ತಿ ಗಿಡ ಕಿತ್ತು ತರುವ ಕೆಲಸ ಹೆಚ್ಚಾಗಿ ಆಕೆಯದೇ. ರಿಯೋದಲ್ಲಿ ಈ ಟೊಂಗೆಯನ್ನು ಮುರಿದ ಕೈ ಆಕೆಯದೇ ಇದ್ದೀತು ಅಂತ ಊಹಿಸುವ ಇತಿಹಾಸಕಾರರಿದ್ದಾರೆ. ಜಗತ್ತು ಸುತ್ತಿದ ಮೊದಲ ಹೆಂಗಸು ಅಂತ ಆಕೆಯನ್ನು ಈಗ ಗುರುತಿಸುತ್ತಾರೆ. ಗಿಡಕ್ಕೆ ಮಾತ್ರ ನಾಯಕನ ಹೆಸರು. ಆಕೆಯ ಹೆಸರಲ್ಲಿ ಒಂದು ಗಿಡ ಬಂದದ್ದು 2012ರಲ್ಲಿ, ಅದೂ ನಮ್ಮ ಬದನೆಕಾಯಿಯ ಕುಲದ ಒಂದು ಕಾಡುಗಿಡ. ಬೆರಳಿಗೆ ಮುಳ್ಳು ಹೊಕ್ಕಾಗ ನನಗೆ ಆಕೆಯ ನೆನಪಾಗುತ್ತದೆ. ಇದರ ಮುಳ್ಳು ಗೊತ್ತಿದ್ದವರಿಗೆ ಆ ಊಹೆ ನಂಬಲು ಕಷ್ಟ ಆಗುವುದಿಲ್ಲ.

(ತಳಿಗಳ ಹೆಸರು ನೋಡಬೇಕು ನೀವು. ಮೇರಿ ಪಾಮರ್, ಮಿಸೆಸ್ ಬಟ್, ಅದರ ನಡುವೆ ನಮ್ಮ ತಿಮ್ಮ. ಹೌದು, ತಿಮ್ಮ ಅಂತಲೇ ಹೆಸರು. ಎಲೆಯಲ್ಲಿ ಹಳದಿ ಹಸಿರು ಎರಡೂ ಇರುವ, ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಬಿಡುವ ತಳಿ. ಜಗತ್ತಿನಲ್ಲಿ ಎಲ್ಲೇ ಹೊಸ ತಳಿ ಬಂದರೂ ಹೆಸರು ದಾಖಲಾಗೋದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ.)

ಕತ್ತರಿಯ ಹಕ್ಕು ಯಾರದು

ಎಲ್ಲ ತಕರಾರು ಕೊನೆಗೆ ಬಂದು ನಿಲ್ಲೋದು ಕತ್ತರಿಸುವ ಹೊತ್ತಿಗೆ. ಹೂ ಮುಗಿದ ಮೇಲೆ, ಕಾರಹುಣ್ಣಿಮೆಯ ಆಸುಪಾಸು ಮೊದಲ ಮಳೆ ಬಿದ್ದಾಗ ಕಡಿದರೆ ಚಿಗುರು ಚೆನ್ನಾಗಿ ಒಡೆದು ದೀಪಾವಳಿಗೆ ತುದಿ ತಯಾರಾಗುತ್ತದೆ. ತಡ ಮಾಡಿ ಚಳಿಗಾಲಕ್ಕೆ ಕಡಿದರೆ ಆ ವರ್ಷದ ಹೂವನ್ನೇ ಕಡಿದ ಹಾಗೆ. ಬುಡದಿಂದ ನೇರ ಮೇಲೆ ಸಿಡಿಯುವ ಉದ್ದ ಕೋಲುಗಳನ್ನು ಪೂರ್ತಿ ತೆಗೆಯಬೇಕು, ಅವು ಹೂ ಬಿಡದೆ ಅನ್ನ ತಿನ್ನುತ್ತವೆ. ಒಳಗಿನ ಒಣ ಜಿಬರು ತೆಗೆಯಬೇಕು. ಉಳಿದ ಕೊಂಬೆ ಮೂರರಲ್ಲಿ ಒಂದು ಪಾಲು ಮೋಟು ಮಾಡಬೇಕು. ಹೊಸ ಚಿಗುರು ಗೇಣುದ್ದ ಆದಾಗ ತುದಿ ಚಿವುಟಿದರೆ ಒಂದಿದ್ದಲ್ಲಿ ಎರಡು ಮೂರು ಕವಲು, ಅಷ್ಟೂ ತುದಿಗೆ ಹೂ. ತೋಳಿಗೆ ಗೋಣಿಚೀಲ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಇಳಿಯಬೇಕು. ಕಡಿದ ಟೊಂಗೆಯನ್ನು ರಸ್ತೆಯಲ್ಲಿ ಬಿಡಬಾರದು. ಒಣಗಿದ ಮುಳ್ಳು ಬೈಕಿನ ಟೈರಿಗೂ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದು, ಮಾಲಿಗೆ ಹೇಳಿ ಕರೆಸಿ, ಏಣಿ ಹಚ್ಚಿದ ದಿನ ಗೇಟಿನ ಹೊರಗೆ ಗಲಾಟೆ. ತಪ್ಪಲಪಲ್ಲೆ ಮಾರುವ ಅಜ್ಜಿ. ಬುಟ್ಟಿಯಲ್ಲಿ ಮೆಂತೆ, ರಾಜಗಿರಿ, ಪುಂಡಿಪಲ್ಲೆ, ಹಕ್ಕರಕಿ ಇಟ್ಟುಕೊಂಡು ಬೆಳಗ್ಗೆ ಬಂದು ನಮ್ಮ ಗಿಡದ ಕೆಳಗೆ ಕೂರುತ್ತಾಳೆ, ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಹೋಗುತ್ತಾಳೆ. ಯಾವಾಗಿನಿಂದ ಅಂತ ಯಾರಿಗೂ ನೆನಪಿಲ್ಲ. ಗೋಡೆಗೆ ನೇತುಬಿದ್ದ ಕೊಂಬೆಗಳ ನಡುವೆ ಆಕೆಯ ನೀರಿನ ಬಾಟಲಿ ಸಿಕ್ಕಿಸಲು ಒಂದು ಜಾಗ ಇದೆ. ಇಷ್ಟು ದಿನ ನನಗೆ ಅದು ಗೊತ್ತೇ ಇರಲಿಲ್ಲ, ಏಣಿ ಹತ್ತಿ ಆ ಕಡೆ ಬಗ್ಗಿದಾಗ ಕಂಡಿತು. ಮುಳ್ಳನ್ನೆಲ್ಲ ಮುರಿದು, ಒಂದು ಕೊಂಬೆಯನ್ನು ಬಾಗಿಸಿ, ಸುತಳಿಯಿಂದ ಕಟ್ಟಿ, ಬಾಟಲಿ ಕೂರುವಷ್ಟು ಸಣ್ಣ ಗೂಡು ಮಾಡಿಕೊಂಡಿದ್ದಳು. ಕೊಂಬೆ ಆ ಬಾಗಿನಲ್ಲೇ ದಪ್ಪ ಆಗಿತ್ತು.

"ಏನ್ ಮಾಡಾಕ ಹತ್ತೀರಿ?" ಅಂದಳು. ಕಡೀಬೇಕು ಅಜ್ಜಿ, ಕಡದ್ರ ಹೂ ಬರ್ತಾವ ಅಂದೆ. "ಹೂ ತಗೊಂಡ್ ನಾ ಏನ್ ಮಾಡ್ಲಿ? ನನಗ ನೆಳ್ಳ ಬೇಕು. ಮೆಂತೆ ಬಿಸಿಲಿಗೆ ಹತ್ತ ನಿಮಿಷಕ್ಕ ಕುಂದಿ ಹೊಕ್ಕಾವ." ಆಕೆಯ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರಕ್ಕೊಮ್ಮೆ, ಆಗಸ್ಟ್ ಮೊದಲ ವಾರಕ್ಕೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರ ಬರುತ್ತಾನೆ. ಅವೆರಡರ ನಡುವಿನ ತಿಂಗಳುಗಳಲ್ಲಿ ಆ ರಸ್ತೆಯಲ್ಲಿ ಗೋಡೆಗೂ ನೆರಳಿಲ್ಲ, ಕಂಬಕ್ಕೂ ನೆರಳಿಲ್ಲ. ಮೇಲೆ ಚಾಚಿಕೊಂಡದ್ದಕ್ಕೆ ಮಾತ್ರ ನೆರಳು. ಮಳೆ ಕೈಕೊಟ್ಟ ವರ್ಷ ಜೂನ್ ಜುಲೈ ಕೂಡ ಬೇಸಿಗೆಯೇ. ನಾನು ಕಡಿಯಬೇಕೆಂದುಕೊಂಡ ತಿಂಗಳೇ ಆಕೆಗೆ ನೆರಳು ಹೆಚ್ಚು ಬೇಕಾದ ತಿಂಗಳು. ಮಾಲಿ ಕುಡುಗೋಲು ಹಿಡಿದುಕೊಂಡು ಇಬ್ಬರ ಮುಖ ನೋಡುತ್ತಿದ್ದ. ಒಳಗಿನಿಂದ ಅತ್ತೆ, "ಆಕಿ ಹೇಳೂದು ಖರೇ ಐತಿ" ಅಂದರು. ಎದುರು ಮನೆಯ ವೈನಿ ಗೇಟಿಗೆ ಬಂದು, "ಪೂರಾ ಕಡಿರಿ, ನಮ್ಮ ಸಂಡಿಗಿ ಉಳಿತಾವ" ಅಂದರು. ಗಿಡದ ಮಾಲೀಕರು ನಾವು ಅನ್ನೋದು ಆ ಹೊತ್ತಿಗೆ ಯಾರ ತಲೆಯಲ್ಲೂ ಇದ್ದ ಹಾಗೆ ಕಾಣಲಿಲ್ಲ.

ಪುಸ್ತಕದ ಪ್ರಕಾರ ಗಿಡವನ್ನು ಒಂದೇ ಸಲ ಕಡಿದರೆ ಆಕಾರ ಚೆಂದ ಬರುತ್ತದೆ. ನ್ಯಾಯದ ಪ್ರಕಾರ ಅರ್ಧ ಅರ್ಧ ಅಂತ ತೀರ್ಮಾನ ಆಯಿತು. ಒಂದು ವರ್ಷ ಗೇಟಿನ ಕಡೆಯ ಅರ್ಧ, ಇನ್ನೊಂದು ವರ್ಷ ಮೂಲೆಯ ಕಡೆಯ ಅರ್ಧ. ಇದರಿಂದ ಗಿಡಕ್ಕೆ ಕೆಡುಕೇನಿಲ್ಲ. ಕಡಿಯದ ಅರ್ಧ ಆ ವರ್ಷ ಸ್ವಲ್ಪ ಬಡಕಲು ಹೂ ಬಿಡುತ್ತದೆ, ಕಡಿದ ಅರ್ಧ ತುಂಬಿ ಬಿಡುತ್ತದೆ. ರಸ್ತೆಯಿಂದ ನೋಡಿದವರಿಗೆ ಒಂದು ಕಡೆ ವಾಲಿದ ಹಾಗೆ ಕಾಣುತ್ತದಂತೆ. ನನಗೆ ಹೇಗೂ ಕಾಣುವುದಿಲ್ಲ.

ಹೋದ ವರ್ಷ ಗೇಟಿನ ಕಡೆಯದು ಆಯಿತು. ಈ ಸಲ ಮೂಲೆಯ ಸರದಿ. ಅಜ್ಜಿ ಕೂರೋದು, ಬಾಟಲಿಯ ಗೂಡು ಇರೋದು ಅಲ್ಲೇ. ಗೂಡಿನ ಕೊಂಬೆಯೊಂದನ್ನು ಮುಟ್ಟಬಾರದು ಅನ್ನೋದು ಆಕೆಯ ಮೊದಲ ಷರತ್ತು, ಮಾಲಿಗೆ ಅದಕ್ಕೆ ಕೆಂಪು ದಾರ ಕಟ್ಟಿ ತೋರಿಸಿದ್ದಾಳೆ. ಮಳೆಗಾಲ ಮುಗಿಯುವ ತನಕ ಗೇಟಿನ ಕಡೆ ಸರಿದು ಕೂರಲು ಒಪ್ಪಿದ್ದಾಳೆ. ಆದರೆ ಅಲ್ಲಿ ನಮ್ಮ ಮನೆಯವರು ಸ್ಕೂಟರ್ ನಿಲ್ಲಿಸುತ್ತಾರೆ, ಅದನ್ನು ತೆಗೆಸಬೇಕು ಅನ್ನೋದು ಎರಡನೆಯ ಷರತ್ತು. ಅದನ್ನು ಅವರ ಹತ್ರಾನೇ ಮಾತಾಡು ಅಂತ ಹೇಳಿದ್ದೇನೆ. ನಾಳೆ ಬೆಳಗ್ಗೆ ಬೇಗ ಬರ್ತಾಳಂತೆ.